ಮೇಕೆ ಹಾಲು ಪರ್ಯಾಯವಲ್ಲ
ಹಸುವಿನ ಹಾಲು ಒಗ್ಗದ, ಇಸುಬು ಇರುವ ಮಗುವಿಗೆ ಮೇಕೆ ಹಾಲು ಸುರಕ್ಷಿತವೆಂದು ಲೇಖನವೊಂದರಲ್ಲಿ ಲೇಖಕರು ಹೇಳಿರುವ ಮಾತನ್ನು ಒಪ್ಪಲಾಗದು. ಕುರಿ, ಮೇಕೆ ಸಾಕುವ ಮನೆಗಳು ಬಹಳವಿರುವ ನಮ್ಮ ಚಳ್ಳಕೆರೆ, ಹಿರಿಯೂರಿನ ಕಡೆ ಹಿರಿಯರು ಈ ಸಲಹೆಯನ್ನು ಮೊದಲೇ ಕೊಡುತ್ತಾರೆ. ಅದು ಲೇಖನದಲ್ಲಿಯೂ ಬಂದರೆ ತಾಯಂದಿರು ಹಿಂದೆಮುಂದೆ ನೋಡದೆ ಪಾಲಿಸುತ್ತಾರೆ ಎಂಬುದೇ ನನ್ನ ಆತಂಕ. ಎರಡೂ ಹಾಲಿನ ಪ್ರೋಟೀನುಗಳು, ಮುಖ್ಯವಾಗಿ ಕೇಸಿನ್, ಬಹುಮಟ್ಟಿಗೆ ಒಂದೇ ಬಗೆಯವಾದ್ದರಿಂದ, ಹಸುವಿನ ಹಾಲಿನ ಅಲರ್ಜಿ ಇರುವ ಮಕ್ಕಳಲ್ಲಿ ಶೇ. 90ರಷ್ಟು ಮಂದಿಗೆ ಮೇಕೆ ಹಾಲೂ ಆಗಿಬರುವುದಿಲ್ಲ. ಎಮ್ಮೆ ಹಾಲಿಗೂ ಇದೇ ಅಪಾಯವಿದೆ. ಮೇಲಾಗಿ ಮೇಕೆ ಹಾಲಿನಲ್ಲಿ ರಕ್ತ ಉತ್ಪತ್ತಿಗೆ ಬೇಕಾದ ಫೋಲೇಟ್ ಎಂಬ ವಿಟಮಿನ್ ತೀರಾ ಕಡಿಮೆಯಾದ್ದರಿಂದ ಅದನ್ನೇ ನೆಚ್ಚಿಕೊಂಡ ಕೂಸಿಗೆ ರಕ್ತಹೀನತೆ ಬರಬಹುದು.

ಇಸುಬು ಇದ್ದ ಮಾತ್ರಕ್ಕೆ ಹಾಲಿನ ಅಲರ್ಜಿ ಇದೆಯೆಂದೂ ಅಲ್ಲ. ಎದೆಹಾಲು ಕುಡಿಯುವ ಮಗುವಾದರೆ ಅದನ್ನು ಬಿಡಿಸದೆ, ವೈದ್ಯರು ಹೇಳಿದರೆ ತಾಯಿಯೇ 2ರಿಂದ 4 ವಾರ ಹಾಲು, ಮೊಸರು, ತುಪ್ಪ ಬಿಟ್ಟು, ಆಮೇಲೆ ಮತ್ತೆ ತಿಂದು ನೋಡಿದಾಗಲಷ್ಟೇ ಕಾರಣ ಖಚಿತವಾಗುತ್ತದೆ. ಎದೆಹಾಲು ಬಿಟ್ಟ, ಹಾಲಿನ ಅಲರ್ಜಿ ಇರುವ ಕೂಸಿಗೆ, ದುಬಾರಿಯಾದರೂ, ಪ್ರೋಟೀನನ್ನು ಒಡೆದು ತಯಾರಿಸಿದ ವಿಶೇಷ ಪುಡಿಹಾಲನ್ನೇ ವೈದ್ಯರ ಚೀಟಿಯಂತೆ ಕೊಡಬೇಕು. ನಮ್ಮ ರಾಗಿ ಸರಿ 6 ತಿಂಗಳ ನಂತರ ಒಳ್ಳೆಯ ಆಹಾರ, ಆದರೆ ವರ್ಷದೊಳಗಿನ ಮಗುವಿಗೆ ಅದು ಹಾಲಿನ ಜಾಗ ತುಂಬಲಾರದು.