ಸ್ಪಷ್ಟನೆ: ಬ್ರಾಯ್ಲರ್ ಬೇಗ ಬೆಳೆಯುವುದು ಹಾರ್ಮೋನ್ ಚುಚ್ಚುಮದ್ದಿನಿಂದಲ್ಲ

ಬಾಗಲಕೋಟೆ, ಜಮಖಂಡಿ ಭಾಗದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಹರಿದಾಡುತ್ತಿದೆ. ಹಾರ್ಮೋನ್ ಚುಚ್ಚುವುದರಿಂದಲೇ ಬ್ರಾಯ್ಲರ್ ಮರಿಗಳು ಸುಮಾರು 40 ದಿನಗಳಲ್ಲಿ ಎರಡು ಕಿಲೋ ತೂಗುತ್ತವೆ, ಆದ್ದರಿಂದ ಮನೆಮಂದಿಗಾಗಿ, ಬೀಗರು ಗೆಳೆಯರಿಗಾಗಿ ಹಿತ್ತಲಲ್ಲಿ ಸಾಕಿದರೂ ಅವುಗಳ ಮಾಂಸ ವಿಷವೇ ಎಂಬುದು ಅದರ ಸಾರ. ಇದು ಸರಿಯಲ್ಲ.

ಬೆಳವಣಿಗೆಯ ವೇಗ ತಳಿಯಲ್ಲಿಯೇ ಇದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ 1957ರ ತಳಿಯನ್ನೂ 2005ರ ತಳಿಯನ್ನೂ ಒಂದೇ ಬಗೆಯ ಆಹಾರ ಕೊಟ್ಟು ಬೆಳೆಸಿದಾಗ, 56 ದಿನಗಳಿಗೆ ಮೊದಲನೆಯದು ಸುಮಾರು 900 ಗ್ರಾಂ, ಎರಡನೆಯದು 4.2 ಕಿಲೋ ತೂಗಿತು. ಬೆಳವಣಿಗೆಯ ಹಾರ್ಮೋನ್ ಒಂದು ಪ್ರೋಟೀನ್ ಆದ್ದರಿಂದ ಆಹಾರದಲ್ಲಿ ಬೆರೆಸಿದರೆ ಜೀರ್ಣವಾಗಿಬಿಡುತ್ತದೆ. ಸಾವಿರಾರು ಮರಿಗಳಿಗೆ ಮತ್ತೆ ಮತ್ತೆ ಚುಚ್ಚುವುದು ಯಾವ ಸಾಕಣೆದಾರರಿಗೂ ಗಿಟ್ಟುವ ಕೆಲಸವಲ್ಲ. ಆ್ಯಂಟಿಬಯೋಟಿಕ್‌ಗಳ ಅತಿಬಳಕೆಯ ಆತಂಕ ಮಾತ್ರ ನಿಜವಾದದ್ದು, ಆದರೆ ಅದು ಬೇರೆಯೇ ವಿಷಯ.

ಆ ವೇಗದ ಭಾರವನ್ನು ಹೊರುವುದು ಕೋಳಿಯೇ ಎಂಬುದನ್ನು ಸಂದೇಶ ಹೇಳುವುದೇ ಇಲ್ಲ, ನನಗೆ ಹೆಚ್ಚು ನೋವಾಗುವುದು ಇದರಿಂದ. ಮೈ ಬೆಳೆದಷ್ಟು ಬೇಗ ಕಾಲು, ಹೃದಯ ಬಲಿಯುವುದಿಲ್ಲ; ನಮ್ಮ ಬೇಸಿಗೆ 40 ಡಿಗ್ರಿ ಮುಟ್ಟಿದಾಗ ಮೊದಲು ಸೋಲುವುದು ಇಂಥ ಕೋಳಿಗಳೇ. ಹಿತ್ತಲಿಗೆ ಜವಾರಿ ಕೋಳಿಯಾಗಲಿ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜವಾಗಲಿ ಮೇಲು. ಬ್ರಾಯ್ಲರನ್ನೇ ಸಾಕುವವರು ನೆರಳು, ತಂಪು ನೀರು, ಒಣ ಹಾಸು ಒದಗಿಸಿ, ಕಾಲು ಕುಂಟುವ ಮೊದಲೇ ಕೊಯ್ಯಬೇಕು. ಕೊಯ್ಯುವ ಮುಂಚೆ 8ರಿಂದ 12 ಗಂಟೆ ಆಹಾರ ನಿಲ್ಲಿಸಿ ನೀರನ್ನಷ್ಟೇ ಇಡಬೇಕು. ಕಾಲು ಹಿಡಿದು ತಲೆಕೆಳಗಾಗಿ ಒಯ್ಯದೆ, ರೆಕ್ಕೆ ಬಡಿಯದಂತೆ ಎರಡೂ ಕೈಗಳಿಂದ ಮೈ ಹಿಡಿದು ಎತ್ತಬೇಕು.