ಪಗ್ಗಿನ ಪೂರ್ವಾಪರ

ನಾಯಿ ತರುವುದು ಸುಲಭ. ದುಡ್ಡು ಕೊಟ್ಟರೆ ಸಂಜೆಯೊಳಗೆ ಮನೆಗೆ ಬರುತ್ತದೆ. ಅದನ್ನು ಮರ್ಯಾದೆಯಿಂದ ಇನ್ನೊಬ್ಬರಿಗೆ ಒಪ್ಪಿಸುವುದು ಎಷ್ಟು ಕಷ್ಟ ಅಂತ ತಿಳಿಯಬೇಕಾದರೆ ಒಮ್ಮೆ ಪ್ರಾಣಿಗಳ ಶೆಲ್ಟರ್‌ಗೆ ಫೋನ್ ಮಾಡಿ ನೋಡಬೇಕು.

ನನಗೆ ಆ ಯೋಗ ಬಂದಿದ್ದು ಮಹಡಿ ಮನೆಯವರಿಂದ. ಪುಣೆಗೆ ವರ್ಗವಾಗಿ ಹೊರಟವರು 'ಸಾರ್, ಅಲ್ಲಿ ಮನೆ ಸೆಟ್ ಆಗೋವರೆಗೂ ಟೈಗರ್ ನಿಮ್ಮ ಹತ್ರ ಇರ್ಲಿ' ಅಂತ ಒಂದು ಪಗ್ ಜಾತಿಯ ನಾಯಿ, ಅದರ ಬೆಡ್, ಅರ್ಧ ಪ್ಯಾಕೆಟ್ ಪೆಡಿಗ್ರಿ ಬಿಟ್ಟು ಹೋದರು. ಪುಣೆಯಲ್ಲಿ ಮನೆ ಸೆಟ್ ಆಯಿತು. ಹೊಸ ಸೋಫಾದ ಫೋಟೋ ಸ್ಟೇಟಸ್‌ನಲ್ಲೂ ಬಂತು. ಟೈಗರ್ ವಿಷಯ ಎತ್ತಿದರೆ ಮಾತ್ರ, 'ಇಲ್ಲಿ ಅಪಾರ್ಟ್‌ಮೆಂಟ್‌ನಲ್ಲಿ ನಾಯಿ ಬಿಡಲ್ಲ ಸಾರ್.' ಸಾಕುನಾಯಿ ಬೇಡ ಅನ್ನುವ ಅಧಿಕಾರ ಅಪಾರ್ಟ್‌ಮೆಂಟ್ ಸಂಘಗಳಿಗೆ ಇಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಅದನ್ನು ಹುಡುಕಿ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಪಗ್ ಅಂದರೆ ಏನು ಅಂತ ನಮ್ಮೂರಿಗೆ ಸರಿಯಾಗಿ ಗೊತ್ತಾಗಿದ್ದು 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಿಂದ. ಆ ಪುಟ್ಟ ಹುಡುಗನ ಹಿಂದೆ ಹಿಂದೆ ಓಡುವ ನಾಯಿ ನೋಡಿ ಎಷ್ಟೋ ಮನೆಯವರು ತಂದರು. ಅದರ ಮುಖದ ಮಡಿಕೆಗಳನ್ನು ದಿನಾ ಒರೆಸಬೇಕು ಅಂತ ಜಾಹೀರಾತಿನವರು ಹೇಳಿರಲಿಲ್ಲ. ಮೂಗಿನ ಮೇಲಿನ ಮಡಿಕೆಯನ್ನು ಬೆರಳಲ್ಲಿ ಮೆಲ್ಲಗೆ ಬಿಡಿಸಿ, ಒದ್ದೆ ಹತ್ತಿಯಿಂದ ಒರೆಸಿ, ಮತ್ತೆ ಒಣ ಬಟ್ಟೆ ಆಡಿಸಬೇಕು. ಅಷ್ಟು ಹೊತ್ತೂ ಟೈಗರ್ ನನ್ನನ್ನೇ ನೋಡುತ್ತಿದ್ದ, ಸಾಲ ಕೇಳಲು ಬಂದು ಬಾಯಿ ಬಾರದವರ ಹಾಗೆ. ಒಂದು ದಿನ ತಪ್ಪಿಸಿದರೆ ವಾಸನೆ ಹಾಲ್‌ವರೆಗೂ ಬರುತ್ತಿತ್ತು.

ಇಟ್ಟುಕೊಳ್ಳಬಹುದಿತ್ತಲ್ವಾ ಅಂತ ನೀವು ಕೇಳಬಹುದು. ನಮ್ಮ ಅತ್ತೆಗೆ ಉಬ್ಬಸ. ಟೈಗರ್‌ಗೂ ಮೂತಿ ಚಪ್ಪಟೆ, ಉಸಿರಾಡಿದರೆ ಗೊರಗೊರ. ರಾತ್ರಿ ಪಕ್ಕದ ರೂಮಿನಿಂದ ಸದ್ದು ಬಂದರೆ ಯಾರದು ಅಂತ ತಿಳಿಯದೆ ನನ್ನ ಹೆಂಡತಿ ಇನ್ಹೇಲರ್ ಹಿಡಿದು ಓಡುತ್ತಿದ್ದಳು. ಒಮ್ಮೆ ಕತ್ತಲಲ್ಲಿ ಅದನ್ನು ಟೈಗರ್ ಬಾಯಿಗೇ ಹಿಡಿದಿದ್ದಳು. ಅಲ್ಲಿಗೆ ಡಾಕ್ಟರೂ ಖಡಾಖಂಡಿತ ಹೇಳಿಬಿಟ್ಟರು. ನಾಯಿ ಕೂದಲು ಈ ಮನೆಗೆ ಆಗಲ್ಲ.

'ರಾತ್ರಿ ಕಾರಲ್ಲಿ ಕೂರಿಸಿಕೊಂಡು ಹೋಗಿ ನೈಸ್ ರೋಡ್ ಹತ್ರ ಬಿಟ್ಟು ಬನ್ನಿ' ಎಂದರು ಎದುರು ಮನೆಯ ಯಜಮಾನರು. ಸಾಕಿದ ಪ್ರಾಣಿಯನ್ನು ಹಾಗೆ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಅಷ್ಟರಲ್ಲಿ ಈಗ ಒಂದು ಮಸಾಲೆ ದೋಸೆ ಬರುವುದೂ ಕಷ್ಟ. ಈ ಮೊತ್ತ ಅವರಿಗೆ ಹೇಳಿದ್ದು ನನಗೆ ಒಳ್ಳೆಯದಾಗಲಿಲ್ಲ. 'ನಾನೇ ಕೊಡ್ತೀನಿ ಬಿಡಿ' ಎಂದರು.

ಶೆಲ್ಟರ್‌ನಲ್ಲಿ ಫೋನ್ ಎತ್ತಿದ್ದು ಒಬ್ಬಳು ಹುಡುಗಿ.

'ನಾಯಿ ನಿಮ್ಮದಾ ಅಂಕಲ್?'

'ಅಲ್ಲಮ್ಮ.'

'ಹಾಗಾದ್ರೆ ನೀವು ಸರೆಂಡರ್ ಮಾಡೋಕೆ ಬರಲ್ಲ. ಓನರ್ ಸೈನ್ ಬೇಕು. ವ್ಯಾಕ್ಸಿನ್ ಕಾರ್ಡ್ ಇದೆಯಾ?'

ಅವಳು ಗದರಲಿಲ್ಲ, ಬಿಡಿಸಿ ಹೇಳಿದಳು. ಅಲ್ಲಿ ಇರುವುದೆಲ್ಲ ಗಾಡಿಗೆ ಸಿಕ್ಕ, ಕಾಯಿಲೆ ಬಿದ್ದ ಬೀದಿ ನಾಯಿಗಳು. ಬೀದಿ ನಾಯಿಯಾದರೆ ಮರಿ ಆಗದ ಹಾಗೆ ಆಪರೇಷನ್ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ವಾಪಸ್ ಬಿಡಬಹುದು. ಪಗ್ ಅನ್ನು ಎಲ್ಲಿಗೆ ಬಿಡೋದು? ಬೆಡ್ ಮೇಲೆ ಮಲಗಿ ಬೆಳೆದದ್ದು ಸಿಮೆಂಟ್ ನೆಲಕ್ಕೆ ಬಂದರೆ ಊಟ ಬಿಡುತ್ತದೆ. ಲಸಿಕೆ ಆಗದಿದ್ದರೆ ಪಾರ್ವೋ ಅನ್ನುವ ನಾಯಿಗಳ ಕಾಯಿಲೆ ಅಂಟಬಹುದು. ಹಾಗಾಗಿ ಹೊಸ ಮನೆ ಸಿಗುವವರೆಗೆ ನಿಮ್ಮಲ್ಲೇ ಇರಲಿ, ನೀವೂ ಹುಡುಕಿ, ಮನೆ ನೋಡಿ ಬರೋದು ನಾವು, ಎಂದಳು. ಜನ ನಾಯಿ ಬಿಡಲು ಕೊಡುವ ಕಾರಣಗಳನ್ನೂ ಹೇಳಿದಳು. ಮಗು ಹುಟ್ಟಿತು, ವಾಸ್ತು ಸರಿಯಿಲ್ಲ, ಹೊಸ ಕರ್ಟನ್ ಹಾಕಿಸಿದ್ದೇವೆ. ಕರ್ಟನ್ ವಿಷಯಕ್ಕೆ ನಾನು ನಕ್ಕೆ, ಅವಳು ನಗಲಿಲ್ಲ.

ಪುಣೆಯಿಂದ ಸೈನ್ ಮಾಡಿದ ಫಾರಂ ಐದೇ ನಿಮಿಷದಲ್ಲಿ ಬಂತು.

ಹೊಸ ಮನೆ ಬೇಕಿದೆ ಅಂತ ಟೈಗರ್ ಫೋಟೋ ಹಾಕಿದ ಮೇಲೆ ಫೋನ್‌ಗಳು ಶುರುವಾದವು. ಒಬ್ಬರಿಗೆ ಫಾರ್ಮ್‌ಹೌಸ್ ಕಾಯಲು ಬೇಕಿತ್ತು. 'ಇವನು ಹಲ್ಲಿಗೆ ಹೆದರುತ್ತಾನೆ ಸಾರ್' ಎಂದೆ. ಇನ್ನೊಬ್ಬರು ಮರಿ ಮಾಡಿಸಲು ಕೇಳಿದರು, ಆಪರೇಷನ್ ಆಗಿದೆ ಅಂದ ಕೂಡಲೇ ಲೈನ್ ಕಟ್. ಮಗಳ ಬರ್ತ್‌ಡೇಗೆ ಸರ್‌ಪ್ರೈಸ್ ಕೊಡಬೇಕು ಅಂದವರನ್ನು ನಾನೇ ಬಿಡಲಿಲ್ಲ. ಬಾಡಿಗೆ ಮನೆಯಾ, ಓನರ್ ಒಪ್ಪಿದ್ದಾರಾ, ಊರಿಗೆ ಹೋದರೆ ಯಾರು ನೋಡ್ತಾರೆ, ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಜಾಗ ಇದೆಯಾ? ಅವರು ಕೊನೆಗೆ 'ಸಾರ್, ನಾಯಿ ಕೊಡ್ತೀರೋ, ಕೆಲಸ ಕೊಡ್ತೀರೋ?' ಅಂದರು.

ಕೊನೆಗೆ ರಾಜಾಜಿನಗರದ ನಿವೃತ್ತ ದಂಪತಿ ಒಪ್ಪಿದರು. ಶೆಲ್ಟರ್ ಹುಡುಗಿ ಅವರ ಮನೆಗೆ ಹೋಗಿ ಗೇಟಿನ ಸಂದಿಗೆ ಕೈ ಹಾಕಿ ಅಳೆದಳು, ಬಾಲ್ಕನಿ ಗ್ರಿಲ್ ಅಲ್ಲಾಡಿಸಿ ನೋಡಿದಳು, ಗುರುತಿನ ಚೀಟಿಯ ನಕಲು ತೆಗೆದುಕೊಂಡಳು. ನೋಡಿಕೊಳ್ಳಲಾಗದಿದ್ದರೆ ಶೆಲ್ಟರ್‌ಗೇ ತಿಳಿಸಬೇಕು, ಬೇರೆಯವರಿಗೆ ಕೊಡುವ ಹಾಗಿಲ್ಲ ಅಂತ ಬರೆಸಿಕೊಂಡಳು. ಹಠ ಮಾಡಿ ಜೊತೆಗೆ ಬಂದಿದ್ದ ನಮ್ಮ ಅತ್ತೆ ಒಂದೇ ಪ್ರಶ್ನೆ ಕೇಳಿದರು: 'ರಾತ್ರಿ ಧಾರಾವಾಹಿ ನೋಡ್ತೀರಾ? ಅದು ಮುಗಿಯದೆ ಅವನು ಮಲಗಲ್ಲ.' ಆ ಮನೆಯಾಕೆ ಯಾವ ಚಾನೆಲ್ ಅಂತ ಕೇಳಿ ಬರೆದುಕೊಂಡರು.

ಟೈಗರ್ ಹೊಸ ಮನೆಗೆ ಹೋದ ವಾರವೇ ಪುಣೆಯಿಂದ ಮೆಸೇಜ್ ಬಂತು. 'ಥ್ಯಾಂಕ್ಸ್ ಸಾರ್. ಬೆಡ್ ಕೂಡ ಅವರಿಗೇ ಕೊಟ್ರಾ? ಬ್ರಾಂಡೆಡ್ ಅದು.'

ಅತ್ತೆ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಒಂದು ಉದ್ದದ ವಾಯ್ಸ್ ಮೆಸೇಜ್ ಹಾಕಿದರು. ನಡುವೆ ನಿಲ್ಲಿಸಿ ಇನ್ಹೇಲರ್ ಎಳೆದುಕೊಂಡಿದ್ದೂ ಅದರಲ್ಲಿ ರೆಕಾರ್ಡ್ ಆಗಿದೆ.