ಸಾರಿ, ಪತ್ರೊಡೆ ಚೆನ್ನಾಗಿತ್ತು

ಬೆಳಿಗ್ಗೆ ಫ್ರಿಜ್ ತೆಗೆದ್ರೆ ಸ್ಟೀಲ್ ಡಬ್ಬಿ ಇಟ್ಟಲ್ಲೇ ಇತ್ತು, ಮುಚ್ಚಳಾನೂ ಸರಿಯಾಗೇ ಹಾಕಿತ್ತು, ಒಳಗೆ ಮಾತ್ರ ಪತ್ರೊಡೆ ಕಟ್ಟಿದ್ದ ದಾರ.

ಮುಂಬೈ ಪಕ್ಕದ ಡೊಂಬಿವಲಿ ಮಾರ್ಕೆಟ್ಟಲ್ಲಿ ಸುರಿಯೋ ಮಳೇಲಿ ನಿಂತು, ಅಳೂ (ನಮ್ಮ ಕೆಸು) ಎಲೆ ವಡೀದು ಕೊಡಮ್ಮಾ ಭಾಜೀದು ಬೇಡ ಅಂತ ನನ್ನ ಹರಕು ಮರಾಠೀಲಿ ಗೋಗರೆದು ತಂದು, ರುಬ್ಬಿ, ಹಚ್ಚಿ, ಸುತ್ತಿ ಬೇಯಿಸಿದ್ದು. ಊರಲ್ಲಿ ಅಮ್ಮ ಬಾಳೆನಾರಲ್ಲಿ ಕಟ್ತಿದ್ಲು, ನಂದು ಹೊಲಿಗೆ ದಾರ. ಮಾರನೇ ದಿನ ಹೆಚ್ಚಿ ತೆಂಗಿನೆಣ್ಣೇಲಿ ಕಾವಲಿ ಮೇಲೆ ಗರಿಗರಿ ಮಾಡಿದ್ರೇನೇ ಅದು ಪತ್ರೊಡೆ. ಅದಕ್ಕೇ ಎರಡು ಸುರುಳಿ ಎತ್ತಿಟ್ಟಿದ್ದೆ.

ಅಷ್ಟೊತ್ತಿಗೆ ನಮ್ಮೆಜಮಾನ್ರು ಫಾಸ್ಟ್ ಲೋಕಲ್ ಟ್ರೇನಲ್ಲಿ ಥಾಣೆ ದಾಟಿದ್ರು. ವಾಟ್ಸಾಪ್ ಬಂತು: 'ರಾತ್ರಿ ಪತ್ರೊಡೆ ತಿಂದೆ. ಸಾರಿ ಮಾರಾಯ್ತಿ. ತಣ್ಣಗೇ ಎಂಥಾ ರುಚಿ!'

ಇವರ ಸಾರಿ ಯಾವತ್ತೂ ಹೀಗೇ, ಬಾಲದಲ್ಲೊಂದು ಸರ್ಟಿಫಿಕೇಟ್. ಹಾಲು ಉಕ್ಕಿಸಿದ್ರೆ 'ಸಾರಿ, ಪರಿಮಳ ಮಾತ್ರ ಘಂ ಅಂತಿತ್ತು.' ನನ್ನ ಛತ್ರಿ ಟ್ರೇನಲ್ಲಿ ಬಿಟ್ಟು ಬಂದಾಗ 'ಸಾರಿ, ಒಳ್ಳೇ ಛತ್ರಿ, ಒಂದು ಹನಿ ಸೋರ್ತಿರ್ಲಿಲ್ಲ.'

ಇದನ್ನೇ 1934ರಲ್ಲಿ ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ಅನ್ನೋ ಅಮೆರಿಕದ ಡಾಕ್ಟರ್ ಪದ್ಯ ಮಾಡಿದ್ದು. ನೀನು ಬಹುಶಃ ತಿಂಡಿಗೆ ಅಂತ ಇಟ್ಟಿದ್ದ ಪ್ಲಮ್ ತಿಂದೆ, ಕ್ಷಮಿಸು, ಸಿಹಿಯಾಗಿತ್ತು ತಣ್ಣಗಿತ್ತು ಅಂತ 28 ಪದ, ಒಂದು ಫುಲ್‌ಸ್ಟಾಪೂ ಇಲ್ಲ. 'ಬಹುಶಃ' ಅಂತೆ! ಗೊತ್ತಿದ್ದೇ ನುಂಗಿದ್ದು. ಲೋಕ ಅದನ್ನ ಕ್ಷಮೆಯ ಪದ್ಯ ಅನ್ನುತ್ತೆ, ನನ್ನ ಕೇಳಿದ್ರೆ ತೇಗು. ಅವನ ಹೆಂಡ್ತಿ ಫ್ಲಾಸೀದೂ ಒಂದು ಉತ್ತರ ಇದೆ. ಅದ್ರಲ್ಲಿ ಬೈಗುಳ ಹುಡುಕಿದ್ರೆ ಬ್ರೆಡ್ ಇದೆ, ಬೆಣ್ಣೆ ಇದೆ, ಮೊಟ್ಟೆ ಇದೆ ಅಂತ ಪಟ್ಟಿ. ಪಾಪ. ನಮ್ಮಮ್ಮನ ಬಾಯಿಗೂ ಕಾವಲಿಯ ಕೊನೇ ತುಂಡು ಹೋಗಿದ್ದು ನಾನಂತೂ ನೋಡಿಲ್ಲ.

ನಾನು ಪಟ್ಟಿ ಕೊಡೋಳಲ್ಲ. ಒಲೆ ಆರಿಸಿ ಅಲ್ಲೇ ನಿಂತು ಟೈಪ್ ಮಾಡಿದೆ:

ನೀವು ತಿಂದ
ಪತ್ರೊಡೆಗೆ
ಹುಣಿಸೆಹಣ್ಣು
ಬಹುಶಃ
ಕಮ್ಮಿ ಬಿದ್ದಿತ್ತು

ಕ್ಷಮಿಸಿ
ಕೆಸು ತುರಿಸುತ್ತೆ
ಅಷ್ಟು ಜೋರಾಗಿ
ಅಷ್ಟು ಹೊತ್ತು

ಹುಣಿಸೆ ನಾನು ಯಾವತ್ತೂ ಕೈಬಿಚ್ಚಿಯೇ ಹಾಕೋದು. ಎರಡು ನೀಲಿ ಟಿಕ್ ಬಿತ್ತು. ಹತ್ತೇ ನಿಮಿಷ, ದಾದರ್ ಪ್ಲಾಟ್‌ಫಾರ್ಮಿನಿಂದ ಫೋನು. ಮೊದಲು ಬರೀ ಕೆಮ್ಮು, ಆಮೇಲೆ ಸಣ್ಣ ದನಿ: "ಎಷ್ಟು ಕಮ್ಮಿ ಬಿದ್ದಿತ್ತು?"